ಮಗ್ಗಲು

ನಾಲವಾರ ದಾಟಿ ಗಾಡಿ ಎಡಕ್ಕ ಹೊರಳೋ ಕಡೆ
ನನ್ನ ಐದು ಕಿಲೋಮೀಟರ್ ಮುಗೀತದ.
ಹೆಗಲ ಮ್ಯಾಲ ಸುತ್ತಿಗಿ, ಕೈಯಾಗ ಪಾನಾ,
ಬಗಲಾಗ ಸುತ್ತಿಟ್ಟ ಕೆಂಪು, ಹಸರು,
ಬುತ್ತಿಗಂಟಿನಾಗ ಎರಡು ಕಡಕ್ ರೊಟ್ಟಿ, ಪುಂಡಿಪಲ್ಲೆ.
ಸಡಲಾದ ಚಾವಿ ಕಂಡರ ಒಂದು ಏಟು.
ಗಟ್ಟಿ ಕೂತ ಚಾವಿಗೂ ಒಂದು ಏಟು,
ಅದರ ದನಿ ಕೇಳಬೇಕಲ್ಲ.

ಕಲಿಸಿದವ ಲಾಡ್ಲೇಸಾಬ, ನಮ್ಮ ಮೇಟ್.
"ಕಬ್ಬಿಣ ಮುರಿಯೋ ಮೊದಲು ಹೇಳ್ತದವ್ವ,
ನಮಗೇ ಗಡಬಡಿ."
ಹಳಿಗೆ ಕಿವಿ ಹಚ್ಚಾವಲ್ಲ ಅಂವ, ಅದೆಲ್ಲ ಸಿನಿಮಾದಾಗ.
ಬೊಗ್ಗಿ, ಹೆಬ್ಬೆರಳು ಒಳಗಿನ ಕೆನ್ನಿಗೆ ಇಟ್ಟು
ನಿಧಾನ ಎಳೀತಿದ್ದ,
ಅರಿವಿ ಅಂಗಡ್ಯಾಗ ಸೀರಿಯ ಅಂಚು ನೋಡಿದಂಗ.

ಆ ತಿರುವಿನ ಹೊರಗಿನ ಹಳಿ ಸವದಿತ್ತು.
ವಾಡಿಯ ಸಿಮೆಂಟು, ಎಲ್ಲೆಲ್ಲಿಯದೋ ಕಲ್ಲಿದ್ದಲು,
ಮುಂಬೈಗೆ ಹೊಂಟ ಮಂದಿ, ತಿರುಗಿ ಬರೋ ಮಂದಿ,
ಎಲ್ಲರ ಭಾರ ಅಲ್ಲಿ ಒಂದೇ ಮಗ್ಗಲಿಗೆ ಒರಗತದ.
ಗಾಲಿಯ ಅಂಚು ಕೆನ್ನಿ ಕೆರದು ಕೆರದು
ಜಲ್ಲಿ ಮ್ಯಾಲ ಬೆಳ್ಳಿ ಬಣ್ಣದ ತೌಡು ಉದುರತಿತ್ತು.
ರಾತ್ರಿ ಎರಡೂ ಹತ್ತರ ಗೂಡ್ಸ್ ಚೀರಿದ್ದು
ನಮ್ಮ ಕ್ವಾರ್ಟರ್ಸಿನ ತಗಡಿಗೂ ಗೊತ್ತು.
ಹನ್ನೊಂದು ವರ್ಷ ಅದು ನನ್ನ ಗಡಿಯಾರ.

ಸಾಹೇಬರು ಗೇಜ್ ಹಿಡದು ಅಳದರು. ಏಳು ಮಿಲಿಮೀಟರ್.
"ಹೊಸಾದು ಹಾಕ್ತಾರೇನು?" ಅಂದೆ.
"ಯಾಕ? ಇದಕ್ಕ ಇನ್ನೊಂದು ಕೆನ್ನಿ ಅದಲ್ಲ."

ನನ್ನವ್ವ ತಿಪ್ಪವ್ವ, ಅಪ್ಪನ ಅಂಗಿಯ ಕಾಲರ್
ಹಿಂಗೇ ಬಿಚ್ಚತಿದ್ದಳು.
ಬೆವರಿಗೆ ಎಳಿ ಬಿಟ್ಟ ಮಗ್ಗಲು ಕೆಳಗ,
ಕೆಳಗ ಬಚ್ಚಿಟ್ಟುಕೊಂಡಿದ್ದ ಹೊಸ ನೀಲಿ ಮ್ಯಾಲ,
ಹಲ್ಲಿಲೆ ದಾರ ಕಡದು ಮತ್ತ ಹೊಲಿಗಿ.
ಶಹಾಬಾದಿನ ಕಲ್ಲಿನ ಖಣಿಗೆ
ಕುತ್ತಿಗಿ ಗುಂಡಿ ಹಾಕ್ಕೊಂಡು ಹೋಗತಿದ್ದ ಅಪ್ಪ.
ಯಾರಿಗೂ ತಿಳೀತಿರಲಿಲ್ಲ.
ಅಂವಗ ತಿಳೀತಿತ್ತು.

ಬ್ಲಾಕ್ ಸಿಕ್ಕಿದ್ದು ಒಂದು ರಾತ್ರಿ,
ಎರಡು ತಾಸು ನಲವತ್ತು ನಿಮಿಷ.
ಇಪ್ಪತ್ತಾರು ಮಂದಿ, ಹಾರಿ, ಇಕ್ಕಳ, ನಾಕು ಲೈಟು.
ಹೊರಗಿನ ಹಳಿ ಒಳಗ, ಒಳಗಿನದು ಹೊರಗ,
ಗಾಯದ ಮಗ್ಗಲು ಇನ್ನು ಹೊಲದ ಕಡೆ,
ತೊಗರಿ ನೋಡ್ಕೊಂತ ಕೂಡಲಿ.
ಹೈಸಾ ಅಂದದ್ದು ಉರ್ದುವಿನಾಗ,
ಮುಲುಕಿದ್ದು ಕನ್ನಡದಾಗ,
ಭೀಮಶ್ಯಾನ ಬೆರಳು ಸಿಗಬಿದ್ದಾಗ
ಬೈಗಳ ಮಾತ್ರ ತೆಲುಗು.
ಆಮ್ಯಾಲ ಕೆನ್ನಿಗೆ ಗ್ರೀಸು. ಹಳಿಯ ತಲಿಗೆ ಹತ್ತಬಾರದು,
ಬ್ರೇಕು ಜಾರತದ. ಬರೇ ಕೆನ್ನಿಗೆ, ತೆಳ್ಳಗ,
ಕೂಸಿನ ಕಣ್ಣಿಗೆ ಕಾಡಿಗಿ ತೀಡೋವಷ್ಟು.

ಗಾಲಿಗೂ ಹಿಂಗೇ ಅದ, ಅಂದ ಲಾಡ್ಲೇಸಾಬ,
ಚಹಾದ ಕಪ್ಪಿನ ಬಾಯಿ ಸುತ್ತ ಬೆರಳು ಆಡಿಸಿ.
ಅಂಚು ಸವದ ಗಾಲಿ ಲೇತಿಗೆ ಕಟ್ಟತಾರ.
ಮತ್ತ ದುಂಡಗಾಗಬೇಕಂದ್ರ ಅದು ಸಣ್ಣಗಾಗಬೇಕು.
ಕೆಲವು ಸಲ ಹೆರಸಿಕೊಂಡು, ಆಮ್ಯಾಲ ಕುಲುಮಿ.
ಹಳಿಗೆ ಒಂದೇ ಸಲ.
ಮೂರನೇ ಕೆನ್ನಿ ಇಲ್ಲ.

ಅಂವನ ನೌಕರಿ ಇನ್ನು ನಾಕು ತಿಂಗಳು.
"ಮತ್ತ ಮನಷ್ಯಾಗ?" ಅಂದೆ.
"ಮುಚ್ಚಳ ಹಾಕು ಡಬ್ಬಿಗೆ," ಅಂದ, "ಧೂಳ ಬೀಳ್ತದ."

ಮರುದಿನ ರಾತ್ರಿ ಎಚ್ಚರಾಯ್ತು.
ಯಾಕಂತ ತಿಳೀಲಿಲ್ಲ. ಎದಿ ಧಸಕ್ಕಂತು.
ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದೆ.
ಕಡೀ ಡಬ್ಬಿಯ ಕೆಂಪು ದೀಪ
ತಿರುವು ದಾಟಿ ಯಾದಗಿರಿ ಕಡೆ ಹೊಂಟಿತ್ತು,
ಗಡಗಡ ಅಷ್ಟೇ.
ಬಾಜೂ ಕಟ್ಟಿ ಮ್ಯಾಲ, ಲುಂಗಿ ಹೊದ್ದು
ಲಾಡ್ಲೇಸಾಬನೂ ಎದ್ದು ಕೂತಿದ್ದ.
"ಕೇಳಸಲಿಲ್ಲಲ್ಲ?"
"ಇಲ್ಲ."
"ಮಲ್ಕೋ ಹೋಗು ಹಂಗಾದ್ರ."